ಮುಲುಂಡಿನ ದ್ರವಾಹಾರಿಗಳು

ಹದಿಹರೆಯದ ಮಕ್ಕಳು ಸರಿಯಾಗಿ ಊಟ ಮಾಡುವುದಿಲ್ಲ ಎಂದು ತಾಯಂದಿರು ಗೊಣಗುವುದು ಲೋಕರೂಢಿ. ಮುಂಬಯಿಯ ಮುಲುಂಡಿನಲ್ಲಿ ಈ ಗೊಣಗಾಟಕ್ಕೆ ಆಧಾರವೇ ಉಳಿದಿಲ್ಲ. ಊಟ ಮಾಡುವವನು ತಾನೇ ಸರಿಯಾಗಿಯೋ ತಪ್ಪಾಗಿಯೋ ಮಾಡುವುದು? ನಮ್ಮ ಮಕ್ಕಳು ಆ ಹಂತ ದಾಟಿದ್ದಾರೆ. ಪುರಾಣದ ಋಷಿಗಳು ಮೊದಲು ಗೆಡ್ಡೆಗೆಣಸು, ಆಮೇಲೆ ತರಗೆಲೆ, ಕೊನೆಗೆ ಬರೀ ಗಾಳಿ ಸೇವಿಸಿ ತಪಸ್ಸು ಮಾಡಿದರೆಂದು ಕೇಳಿದ್ದೇವೆ. ಹನ್ನೊಂದನೇ ತರಗತಿಯ ಹುಡುಗನಿಗೆ ಅಷ್ಟು ಕಾಯಲು ಪುರಸೊತ್ತಿಲ್ಲ, ಜೆಇಇ ಪರೀಕ್ಷೆ ಇದೆ. ಹಾಗಾಗಿ ಅವನು ನೇರವಾಗಿ ದ್ರವಕ್ಕೆ ಬಂದ. ಗಾಳಿಯನ್ನು ಅದರಲ್ಲೇ ಗುಳ್ಳೆಯಾಗಿ ತುಂಬಿಸಿಕೊಂಡ.

ಅವನ ದಿನಚರಿಯನ್ನು ಒಮ್ಮೆ ನೋಡಿದವರು ಕೈಮುಗಿಯಬೇಕು. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾನೆ. ತಿಂಡಿಗೆ ಹೊತ್ತಿಲ್ಲ, ಶೂ ಕಟ್ಟುತ್ತಲೇ ಒಂದು ಲೋಟ ಹಾಲು, ಅದಕ್ಕೆ ಎರಡು ಚಮಚ ಕಂದು ಪುಡಿ. ಮಿಠಾಗರ್ ರಸ್ತೆಯ ಟಪರಿಯಲ್ಲಿ ಎಂಟಕ್ಕೊಂದು ಕಟಿಂಗ್ ಚಹಾ, ಹತ್ತೂವರೆಗೆ ಮತ್ತೊಂದು. ಮಧ್ಯಾಹ್ನ ಸ್ಟೇಷನ್ನಿನ ಸೇತುವೆ ಹತ್ತಿ ಪೂರ್ವದಿಂದ ಪಶ್ಚಿಮಕ್ಕೆ ಇಳಿಯುವಾಗ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕಿನ ಕೆಂಪು ಬಾಟಲಿ. ಕೋಚಿಂಗ್ ಕ್ಲಾಸಿನ ನಡುವಿನ ಹದಿನೈದು ನಿಮಿಷದ ಬಿಡುವಿನಲ್ಲಿ ಕೋಲ್ಡ್ ಕಾಫಿ, ಯಾರದಾದರೂ ಹುಟ್ಟುಹಬ್ಬವಾದರೆ ಮೇಲೊಂದು ಗುಡ್ಡೆ ಐಸ್‌ಕ್ರೀಮು. ರಾತ್ರಿ ಒಂಬತ್ತೂವರೆಗೆ ಮನೆ. ಬೆನ್ನಚೀಲದಿಂದ ಹೊರಬರುವ ಊಟದ ಡಬ್ಬ ಬೆಳಿಗ್ಗೆ ಹೋದಷ್ಟೇ ಭಾರವಿರುತ್ತದೆ. ಚಪಾತಿಯೂ ತೊಂಡೆಕಾಯಿ ಪಲ್ಯವೂ ಇಡೀ ದಿನ ಕಾಲೇಜು, ಕ್ಲಾಸು, ಲೈಬ್ರರಿ ಎಲ್ಲ ಸುತ್ತಿ, ವಿದ್ಯಾವಂತರಾಗಿ ಮರಳಿರುತ್ತವೆ. ಹುಡುಗ ಬಾಗಿಲಲ್ಲೇ ಹೇಳುತ್ತಾನೆ, "ಹಸಿವಿಲ್ಲ ಅಮ್ಮಾ."

ಹನ್ನೊಂದು ಗಂಟೆಗೆ ಚಿಪ್ಸ್ ಪೊಟ್ಟಣ ಹರಿಯುವ ಸದ್ದು ಕೇಳಿಸುತ್ತದೆ. ಅದನ್ನು ಊಟವೆಂದು ಯಾರೂ ಲೆಕ್ಕ ಹಿಡಿಯಬಾರದು. ಸಿಹಿ ನೀರಿನ ದೊಡ್ಡ ಗುಣವೇ ಇದು: ಎಷ್ಟು ಕ್ಯಾಲೊರಿ ಒಳಗೆ ಹೋದರೂ ಹೊಟ್ಟೆ ಅದನ್ನು ಊಟವೆಂದು ಒಪ್ಪುವುದಿಲ್ಲ. ಅಗಿದು ತಿಂದದ್ದು ತೃಪ್ತಿ ಕೊಟ್ಟು ಸುಮ್ಮನಾಗುತ್ತದೆ. ಕುಡಿದದ್ದು ಗುರುತು ಸಿಗದಂತೆ ಒಳಹೋಗಿ, ಮತ್ತೇನಾದರೂ ತಿನ್ನುವುದಕ್ಕೆ ಜಾಗ ಬಿಟ್ಟಿರುತ್ತದೆ. ಇಷ್ಟು ಸೌಜನ್ಯ ಅನ್ನಕ್ಕಿಲ್ಲ.

ಕೆಂಪು ಬಾಟಲಿಯ ಮಹಿಮೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಎನರ್ಜಿ ಡ್ರಿಂಕ್ ಎಂಬುದು ಮೊದಲು ಉದ್ದನೆಯ ಕ್ಯಾನಿನಲ್ಲಿ ಬರುತ್ತಿತ್ತು, ನೂರು ರೂಪಾಯಿಯ ಆಸುಪಾಸಿನಲ್ಲಿತ್ತು, ಉಳ್ಳವರ ಮಕ್ಕಳು ಮಾತ್ರ ಕುಡಿಯುತ್ತಿದ್ದರು. ಈಗ ಇಪ್ಪತ್ತರ ನೋಟಿಗೆ ಸಿಗುತ್ತದೆ. ಬೇರೆ ಯಾವ ಸವಲತ್ತು ಇಷ್ಟು ಬೇಗ ಗಗನಚುಂಬಿ ಟವರುಗಳಿಂದ ಇಳಿದು ಚಾಳಿನ ಬಾಗಿಲಿಗೆ ಬಂದಿದೆ ಹೇಳಿ! ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಇಂಥ ಪಾನೀಯದ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ. ದಿನಕ್ಕೆ 500 ಮಿಲಿಲೀಟರ್ ಮೀರಬೇಡಿ ಎಂಬ ಸೂಚನೆಯೂ ಲೇಬಲ್ಲಿನ ಮೇಲಿರಬೇಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂವರೆಗಿನ ಕೆಫೀನ್ ಸುರಕ್ಷಿತ ಎಂದು ಲೆಕ್ಕ ಹಾಕಿತು. ಐವತ್ತು ಕಿಲೋ ತೂಗುವ ನಮ್ಮ ಹುಡುಗನಿಗೆ 150 ಆಯಿತು. ಎರಡನೆಯ ಬಾಟಲಿ ಕುಡಿದ ದಿನ ಕೋಟಾ ಸರಿಯಾಗಿ ಭರ್ತಿ. ಎರಡು ಕಟಿಂಗ್ ಚಹಾ, ಒಂದು ಕೋಲ್ಡ್ ಕಾಫಿ ಮೇಲಿನಿಂದ ಲಾಭ.

ಆ ಲೇಬಲ್ಲಿನ ಮೇಲೆ ಇನ್ನೊಂದು ಮಾತೂ ಇದೆ: ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಶಿಫಾರಸು ಮಾಡಿದ್ದಲ್ಲ. ಇರುವೆ ಓದುವಂಥ ಅಕ್ಷರದಲ್ಲಿ ಅಚ್ಚಾಗಿರುವುದರಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಅಲ್ಲದೆ ಹದಿನಾರರ ಹುಡುಗನನ್ನು ಮಗು ಎನ್ನುವುದಾದರೂ ಹೇಗೆ? ಬೈಕ್ ಕೇಳಿದಾಗ ಅವನು ಮಗು. ಗೋವಾಕ್ಕೆ ಹೋಗುತ್ತೇನೆ ಎಂದಾಗ ಮಗು. ಅಂಗಡಿಯ ಫ್ರಿಜ್ಜಿನ ಮುಂದೆ ಮಾತ್ರ ಅವನು ಸ್ವತಂತ್ರ ಭಾರತದ ಪ್ರಬುದ್ಧ ಪ್ರಜೆ.

ಊರಿನಿಂದ ಬಂದ ಅಜ್ಜಿಗೆ ಇದೆಲ್ಲ ಅರ್ಥವಾಗುವುದು ಸ್ವಲ್ಪ ತಡ. ಕರಾವಳಿ ಕಡೆಯ ಅಜ್ಜಿಯಂದಿರು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಥಾಣೆಯಲ್ಲಿ ಇಳಿದು, ಕುಚ್ಚಲಕ್ಕಿ, ಹಪ್ಪಳ, ಒಣಗಿಸಿದ ಪುನರ್ಪುಳಿ ಸಿಪ್ಪೆ ಸಮೇತ ಮುಲುಂಡಿಗೆ ಆಗಮಿಸುತ್ತಾರೆ. ಕುಂದಾಪುರದ ಅಂಥ ಒಬ್ಬರು ಮೊಮ್ಮಗನ ಕೈಯಲ್ಲಿ ಕೆಂಪು ಬಾಟಲಿ ಕಂಡು ವಿಚಾರಿಸಿದರು:

"ಎಂತ ಮಗಾ ಅದ್, ಕೆಮ್ಮಿನ ಮದ್ದಾ?"

"ಅಲ್ಲ ಅಜ್ಜಿ. ಎನರ್ಜಿ ಬರ್ಲಿಕ್ಕೆ."

"ಉಂಡ್ರೆ ಬತ್ತಿಲ್ಯಾ ಅದ್?"

"ಬರುತ್ತೆ ಅಜ್ಜಿ. ಆದ್ರೆ ಜೊತೆಗೆ ನಿದ್ದೆನೂ ಬರುತ್ತೆ."

ಇದಕ್ಕಿಂತ ಚೊಕ್ಕವಾಗಿ ಯಾವ ಕಂಪೆನಿಯ ಜಾಹೀರಾತು ವಿಭಾಗವೂ ಹೇಳಲಾರದು. ಅನ್ನ ತಿಂದವನು ಮಲಗುತ್ತಾನೆ, ಮಲಗಿದವನು ಬೆಳೆಯುತ್ತಾನೆ. ಬೆಳೆದರೆ ರ್‍ಯಾಂಕು ಬರುತ್ತದೆಯೇ? ಸಂಜೆ ಆರಕ್ಕೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಎಚ್ಚರವಾಗಿ ಕುಳಿತಿರುತ್ತದೆ. ಹುಡುಗ ಒಂದೂವರೆಗೆ ಮಲಗುತ್ತಾನೆ, ಐದೂವರೆಗೆ ಏಳುತ್ತಾನೆ, ಏಳುವಾಗ ತಿಂಡಿ ಎಂದರೆ ವಾಕರಿಕೆ. ನಿದ್ದೆಗೆಟ್ಟ ಆ ಮಬ್ಬು ಇಳಿಯಬೇಕಾದರೆ ಏನು ಬೇಕು? ಉತ್ತರ ಫ್ರಿಜ್ಜಿನಲ್ಲಿದೆ. ತನ್ನ ಗಿರಾಕಿಯನ್ನು ತಾನೇ ಹುಟ್ಟಿಸಿಕೊಳ್ಳುವ ಪದಾರ್ಥ ಜಗತ್ತಿನಲ್ಲಿ ಹೆಚ್ಚಿಲ್ಲ.

ಅಜ್ಜಿಯ ಪುನರ್ಪುಳಿಯನ್ನೂ ಮೆಚ್ಚಿ ಒಂದು ಮಾತು ಹೇಳಬಹುದಿತ್ತು. ಆದರೆ ನ್ಯಾಯ ಎಲ್ಲರಿಗೂ ಒಂದೇ ಇರಬೇಕು. ಆಕೆಯ ಶರಬತ್ತಿಗೆ ಬೀಳುವ ಸಕ್ಕರೆಯೂ ಸಕ್ಕರೆಯೇ. ರಾಮನವಮಿಯ ಪಾನಕದ ಬೆಲ್ಲಕ್ಕೆ ರಾಮನೇನೂ ರಿಯಾಯಿತಿ ಕೊಡಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ದಿನದ ಸಕ್ಕರೆ 25 ಗ್ರಾಮಿನ ಆಸುಪಾಸಿಗೆ ಇಳಿದರೆ ಉತ್ತಮ. ಮುನ್ನೂರು ಮಿಲಿಲೀಟರ್ ಕೋಲಾದಲ್ಲಿ ಮೂವತ್ತಕ್ಕೂ ಹೆಚ್ಚಿರುತ್ತದೆ, ಅಜ್ಜಿ ಕೈಬಿಟ್ಟು ಹಾಕಿದರೆ ದೊಡ್ಡ ಲೋಟದಲ್ಲೂ ಹೆಚ್ಚುಕಡಿಮೆ ಅಷ್ಟೇ. ಶರಬತ್ತಿನ ದೌರ್ಬಲ್ಯ ಬೇರೆ ಕಡೆ ಇದೆ. ಅದು ಬೇಸಿಗೆಯ ಮಧ್ಯಾಹ್ನ, ಅದೂ ನೆಂಟರು ಬಂದ ದಿನ ಮಾತ್ರ ಸಿಗುತ್ತಿತ್ತು. ಸಿಪ್ಪೆ ನೆನೆಸಬೇಕು, ಹಿಂಡಬೇಕು, ಸೋಸಬೇಕು. ಹದಿಹರೆಯದ ಇಬ್ಬರು ಹುಡುಗರು 2021ರಲ್ಲಿ ಇದೇ ಮುಂಬಯಿಯಲ್ಲಿ ಜೆಪ್ಟೊ ಎಂಬ ಕಂಪೆನಿ ಕಟ್ಟಿ, ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಬಾಟಲಿ ತಲುಪಿಸಬಹುದೆಂದು ತೋರಿಸಿದ ಮೇಲೆ, ನೆನೆಸಿ ಹಿಂಡುವ ಪಾನೀಯಕ್ಕೆ ಭವಿಷ್ಯವೆಲ್ಲಿ? ಹರೆಯದವರೇ ಹರೆಯದವರಿಗಾಗಿ ಮಾಡಿದ ಉಪಕಾರ ಅದು.

ಇತಿಹಾಸ ತೆಗೆದರೆ ಈ ಪ್ರಗತಿಗೆ ಅಡ್ಡ ಬಂದವರಲ್ಲಿ ನಮ್ಮವರೇ ಮೊದಲಿಗರು ಎಂದು ತಿಳಿದು ತಲೆ ತಗ್ಗುತ್ತದೆ. ಮಂಗಳೂರಿನಲ್ಲಿ ಹುಟ್ಟಿ 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಇಲ್ಲಿ ಕಾರ್ಮಿಕ ನಾಯಕರಾದರು, ಹೋಟೆಲಿನ ಮಾಣಿಗಳನ್ನೂ ಬಿಡದೆ ಸಂಘಟಿಸಿದರು. ಅಷ್ಟಕ್ಕೇ ನಿಲ್ಲಬಹುದಿತ್ತು. 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಮಂತ್ರಿಯಾಗಿ, ವಿದೇಶಿ ವಿನಿಮಯದ ಕಾನೂನಿನಂತೆ ಪಾಲು ಇಳಿಸಿ, ಸೂತ್ರವನ್ನೂ ಕೊಡಿ ಎಂದು ಕೋಕಾ-ಕೋಲಾಕ್ಕೆ ಪಟ್ಟು ಹಿಡಿದರು. ಕಂಪೆನಿ ಗಂಟುಮೂಟೆ ಕಟ್ಟಿತು. ಒಂದು ಇಡೀ ತಲೆಮಾರು ಹದಿನಾರು ವರ್ಷ ಆ ಹನಿಗಾಗಿ ಬಾಯಾರಿ ಕುಳಿತಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ದೇವರು ದೊಡ್ಡವನು. ಅದೇ ವರ್ಷ ಮುಂಬಯಿಯ ಪಾರ್ಲೆ ಸೋದರರು ಥಮ್ಸ್ ಅಪ್ ತಂದರು. ಸರಕಾರವೂ ತಾನೇನು ಕಡಿಮೆ ಎಂದು ಮಾಡರ್ನ್ ಫುಡ್ಸ್ ಮೂಲಕ ಡಬಲ್ ಸೆವೆನ್ ಎಂಬ ಕೋಲಾ ಕುದಿಸಿತು. ರೇಷನ್ ಅಂಗಡಿಯ ಕೈಗೆ ಫಿಜ್ ಒಗ್ಗಲಿಲ್ಲವೋ ಏನೋ, ಅದು ಬಾಳಲಿಲ್ಲ. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನೆಲ್ಲ ಕೊಂಡುಕೊಂಡಿತು. 2023ರಲ್ಲಿ ರಿಲಯನ್ಸ್ ಹಳೆಯ ಕ್ಯಾಂಪಾ ಕೋಲಾವನ್ನು ಎಬ್ಬಿಸಿ ಹತ್ತು ರೂಪಾಯಿಗೆ ಬಾಟಲಿ ಇಟ್ಟಿತು. ಒಂದು ವಡಾಪಾವಿಗೂ ಸಾಲದ ದುಡ್ಡಿನಲ್ಲಿ ಈಗ ಮಗು ತಂಪಾಗಬಹುದು. ಆಹಾರದ ಬೆಲೆ ಏರುತ್ತಿರುವಾಗ ಸಕ್ಕರೆನೀರಿನ ಬೆಲೆ ಇಳಿಯುವುದಕ್ಕೆ ಅರ್ಥಶಾಸ್ತ್ರದಲ್ಲಿ ಏನೋ ಹೆಸರಿರಬೇಕು. ನಾನು ಅದನ್ನು ಕಾರುಣ್ಯ ಎನ್ನುತ್ತೇನೆ.

ನಮ್ಮವರ ಪ್ರಾಯಶ್ಚಿತ್ತವೂ ಆಗಿದೆ ಎನ್ನಿ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ, ಮನೆ ಬಿಟ್ಟು ಬಂದ ಹುಡುಗರ ಹೊಟ್ಟೆ ತುಂಬಿಸುವುದೇ ಈ ಊರಿನಲ್ಲಿ ಕನ್ನಡ-ತುಳು ಹೋಟೆಲಿನವರ ಕಸುಬು. ಹಗಲು ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಅನ್ನ, ಸಾರು, ಮಜ್ಜಿಗೆಯಲ್ಲೇ ಮೆಟ್ರಿಕ್ ಪಾಸಾದರು. ಪಾಪ, ಅವರಿಗೆ ಬೇರೆ ಗತಿಯಿರಲಿಲ್ಲ. ಈಗ ನಮ್ಮ ಬೀದಿಯ ಹೋಟೆಲಿನ ಗಲ್ಲಾದ ಪಕ್ಕದಲ್ಲಿ, ಗಣಪತಿ ಪಟಕ್ಕಿಂತ ಪ್ರಕಾಶಮಾನವಾಗಿ ಗಾಜಿನ ಬಾಗಿಲಿನ ಫ್ರಿಜ್ಜು ಉರಿಯುತ್ತಿದೆ. ಕಂಪೆನಿಯೇ ತಂದು ನಿಲ್ಲಿಸಿದ್ದು. ನಾನು ಯಜಮಾನರನ್ನು ಕೇಳಿದೆ:

"ಏನು ಶೆಟ್ರೇ, ಮಜ್ಜಿಗೆ ನಿಲ್ಲಿಸಿದ್ರಾ?"

"ಛೆ, ಉಂಟಲ್ಲ ಮಾರಾಯ್ರೇ, ಒಳಗೆ ಪಾತ್ರೆಯಲ್ಲಿ. ಇದರಲ್ಲಿ ಇಡುವ ಹಾಗಿಲ್ಲ. ಅವರ ಹುಡುಗ ಬಂದು ಫೋಟೋ ತೆಗೀತಾನೆ."

ಶೆಟ್ಟರ ಲೆಕ್ಕ ಸರಳ. ಒಂದು ಪ್ಲೇಟ್ ಇಡ್ಲಿಗೆ ಉದ್ದು ನೆನೆಸಬೇಕು, ರುಬ್ಬಬೇಕು, ರಾತ್ರಿಯಿಡೀ ಹುಳಿ ಬರಬೇಕು, ಬೇಯಿಸಬೇಕು, ಚಟ್ನಿಗೆ ತೆಂಗಿನಕಾಯಿ ಒಡೆಯಬೇಕು, ಪಾತ್ರೆ ತೊಳೆಯುವವನಿಗೆ ಊಟ, ವಸತಿ, ಊರಿಗೆ ಹೋಗಲು ರಜೆ ಕೊಡಬೇಕು. ಬಾಟಲಿಗೆ ಫ್ರಿಜ್ಜಿನ ಬಾಗಿಲು ತೆಗೆದರಾಯಿತು. ಅದನ್ನೂ ಗಿರಾಕಿಯೇ ತೆಗೆಯುತ್ತಾನೆ.

ಹುಡುಗಿಯರ ವಿಷಯದಲ್ಲಿ ಪಾನೀಯಗಳ ಸೇವೆ ಇನ್ನೂ ಸೂಕ್ಷ್ಮವಾದದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ; ಹುಡುಗರಲ್ಲಿ ಶೇಕಡಾ 31. ಸರಕಾರ ವಾರಕ್ಕೊಮ್ಮೆ ನುಂಗಲೆಂದು ಶಾಲೆಗಳಲ್ಲಿ ನೀಲಿ ಬಣ್ಣದ ಕಬ್ಬಿಣದ ಗುಳಿಗೆ ಹಂಚುತ್ತದೆ. ಗುಳಿಗೆಯ ಹಿಂದೆಯೇ, ಅಥವಾ ಸೊಪ್ಪು ಬೇಳೆ ಉಂಡ ಕೂಡಲೇ ಒಂದು ಕಟಿಂಗ್ ಕುಡಿದರೆ ಚಹಾದ ಒಗರು ಆ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದು ನಿಲ್ಲಿಸುತ್ತದೆ. ಒಂದು ತಾಸು ತಡೆದು ಕುಡಿದಿದ್ದರೆ ಗುಳಿಗೆ ಕೆಲಸ ಮಾಡಿಬಿಡುತ್ತಿತ್ತು. ನಿಂಬೆಹಣ್ಣು ಹಿಂಡಿಕೊಂಡಿದ್ದರಂತೂ ಇನ್ನೂ ಹೆಚ್ಚು ಮಾಡುತ್ತಿತ್ತು. ಆದರೆ ಕಾಲೇಜಿನ ಬಿಡುವು ಹದಿನೈದೇ ನಿಮಿಷ. ಹೀಗಾಗಿ ಸರಕಾರ ಗುಳಿಗೆ ಕೊಡುತ್ತಲೇ ಇರಬಹುದು, ಟಪರಿಯವನು ಚಹಾ ಸುರಿಯುತ್ತಲೇ ಇರಬಹುದು. ಇಬ್ಬರ ಕೆಲಸಕ್ಕೂ ಧಕ್ಕೆಯಿಲ್ಲ.

ತೂಕದ ಬಗ್ಗೆ ಎಚ್ಚರವಿರುವ ಹುಡುಗಿ ಸಕ್ಕರೆಯಿಲ್ಲದ ಕೋಲಾ ಕುಡಿಯುತ್ತಾಳೆ. ತೂಕ ಇಳಿಸಲು ಇಂಥ ಕೃತಕ ಸಿಹಿಯನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಪಶಕುನ ನುಡಿಯಿತು. ಅವಳ ಅಣ್ಣ ಜಿಮ್ಮಿಗೆ ಸೇರಿದ್ದಾನೆ. ಡಬ್ಬಿಯ ಪುಡಿಯನ್ನು ನೀರಿಗೆ ಹಾಕಿ ಕುಲುಕಿ ಕುಡಿಯುತ್ತಾನೆ, ಅಮ್ಮನ ನಾಲ್ಕು ಮೊಟ್ಟೆಗೆ ಬೆನ್ನು ತಿರುಗಿಸುತ್ತಾನೆ. ಪ್ರೋಟೀನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮೊಟ್ಟೆಯ ಮೇಲೆ ಮಾತ್ರ ಮಾಂಸಖಂಡದ ಚಿತ್ರವಿಲ್ಲ. ಈ ಇಬ್ಬರೂ ಬೆಳೆಯುವ ಎಲುಬಿಗೆ ದಿನಕ್ಕೆ ಸಾವಿರ ಮಿಲಿಗ್ರಾಮಿನಷ್ಟು ಸುಣ್ಣದ ಅಂಶ ತುಂಬಬೇಕಾದ ವಯಸ್ಸಿನವರು. ಹಾಲು, ಮೊಸರು, ನೂರು ಗ್ರಾಮಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಕ್ಯಾಲ್ಶಿಯಂ ಇರುವ ರಾಗಿ, ಇವುಗಳ ಜಾಗದಲ್ಲೆಲ್ಲ ಬಾಟಲಿ ಕುಳಿತಿದೆ. ಎಲುಬಿನ ಫಲಿತಾಂಶ ಬರುವುದು ಐವತ್ತರ ನಂತರ. ಹನ್ನೆರಡನೆಯದರ ಫಲಿತಾಂಶ ಮೇ ತಿಂಗಳಿಗೇ ಬರುತ್ತದೆ. ಯಾವುದು ಮುಖ್ಯ?

ಇನ್ನು ಕಾನೂನು. ಅದು ಬಾಟಲಿಯ ಜೊತೆ ನಡೆದುಕೊಂಡ ರೀತಿಯನ್ನು ಹೊಗಳದೆ ಮುಂದೆ ಹೋಗುವಂತಿಲ್ಲ. 2020ರ ಕೇಂದ್ರ ನಿಯಮದಂತೆ ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಅತಿ ಸಕ್ಕರೆಯ ಪದಾರ್ಥ ಮಾರಬಾರದು. 2024ರ ಜುಲೈಯಲ್ಲಿ ರಾಜ್ಯದ ಆಗಿನ ಮಂತ್ರಿ ಧರ್ಮರಾವ್ ಬಾಬಾ ಆತ್ರಾಮ್ ಅವರು ವಿಧಾನ ಪರಿಷತ್ತಿನಲ್ಲಿ, ಕೆಫೀನ್ ಹೆಚ್ಚಿರುವ ಪಾನೀಯಗಳನ್ನು ಶಾಲೆಗಳ 500 ಮೀಟರ್ ಸುತ್ತಿನಲ್ಲಿ ನಿಷೇಧಿಸುವ ಆದೇಶ ಬರುತ್ತದೆ ಎಂದರು. ಕಂಪೆನಿಗಳು ಸಕ್ಕರೆಗೆ ಸೊನ್ನೆ ಹಾಕಿದಂತೆ ಸರಕಾರ ಮೀಟರಿಗೆ ಒಂದು ಸೊನ್ನೆ ಸೇರಿಸಿತು. ಮುಲುಂಡಿನ ನಕ್ಷೆ ಹಿಡಿದು ಪ್ರತಿ ಶಾಲೆಯ ಸುತ್ತ 500 ಮೀಟರಿನ ಬಳೆ ಎಳೆದು ನೋಡಿ. ಸ್ಟೇಷನ್ನು, ಪಾಂಚ್ ರಸ್ತಾ, ಎಂ.ಜಿ. ರೋಡು, ಎಲ್.ಬಿ.ಎಸ್. ಮಾರ್ಗ, ಎಲ್ಲ ಬಳೆಯೊಳಗೆ ಬಂದಾವು. ಕೆಂಪು ಬಾಟಲಿ ಮಾರಲು ಉಳಿಯುವುದು ಪೂರ್ವದ ತುದಿಯ ಉಪ್ಪಿನ ಗದ್ದೆ, ಪಶ್ಚಿಮದ ತುದಿಯಲ್ಲಿ ಚಿರತೆಗಳಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಇಂಥ ಕಟ್ಟುನಿಟ್ಟಿನ ನಡುವೆಯೂ ನಮ್ಮ ಹುಡುಗನಿಗೆ ಗೇಟಿನಿಂದ ನಲವತ್ತು ಹೆಜ್ಜೆಯಲ್ಲೇ ಬಾಟಲಿ ಸಿಗುತ್ತಿದೆ ಎಂದರೆ, ಹೊಗಳಬೇಕಾದ್ದು ಯಾರನ್ನು ಎಂದು ನಾನಿನ್ನೂ ನಿರ್ಧರಿಸಿಲ್ಲ.

ತೆರಿಗೆಯೂ ನಿಷ್ಪಕ್ಷಪಾತಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರಗಳನ್ನೆಲ್ಲ ಬದಲಿಸಿದಾಗ ಸಿಹಿ ಸೋಡಾಗಳಿಗೂ ಕೆಫೀನ್ ಪಾನೀಯಗಳಿಗೂ ಶೇಕಡಾ 40 ನಿಗದಿಯಾಯಿತು. ಮೊದಲು 28ಕ್ಕೆ 12ರ ಸೆಸ್ ಸೇರಿ ಅಷ್ಟೇ ಇತ್ತು. ಕೂಡಿಸುವ ಶ್ರಮವೊಂದು ತಪ್ಪಿತು. ಸಕ್ಕರೆ ಹೆಚ್ಚಿದ್ದರೂ, ಕಡಿಮೆಯಿದ್ದರೂ, ಇಲ್ಲವೇ ಇಲ್ಲದಿದ್ದರೂ ದರ ಒಂದೇ. ಹಾಗಾಗಿ ಸಕ್ಕರೆ ಇಳಿಸುವ ಮುಜುಗರ ಯಾವ ಕಂಪೆನಿಗೂ ಇಲ್ಲ. ಇಪ್ಪತ್ತು ರೂಪಾಯಿಯ ಬಾಟಲಿ ಖಾಲಿ ಮಾಡಿದ ಪ್ರತಿ ಸಲವೂ ಹುಡುಗ ಸುಮಾರು ಐದು ರೂಪಾಯಿ ಎಪ್ಪತ್ತು ಪೈಸೆಯನ್ನು ಬೊಕ್ಕಸಕ್ಕೆ ಕಟ್ಟುತ್ತಾನೆ. ಮತದಾನದ ವಯಸ್ಸಾಗದವನು ತೆರಿಗೆದಾರನಾಗಿದ್ದಾನೆ. ಡಬ್ಬದ ಚಪಾತಿ ತಿಂದಿದ್ದರೆ ದೇಶಕ್ಕೆ ಏನು ಸಿಗುತ್ತಿತ್ತು?

ಬೆಳಗಿನ ಕಂದು ಪುಡಿಯನ್ನು ಮರೆತರೆ ತಪ್ಪಾಗುತ್ತದೆ. ಚೆಕ್ ನಾಕಾ ದಾಟಿದರೆ ಥಾಣೆಯಲ್ಲಿ ಕ್ಯಾಡ್‌ಬರಿಯ ಹೆಸರು ಹೊತ್ತ ಜಂಕ್ಷನ್ನೇ ಇದೆ. ಇಲ್ಲಿನ ಮಕ್ಕಳು ಅದೇ ಕಂಪೆನಿಯ ಬೋರ್ನ್‌ವೀಟಾವನ್ನು ಬಹುತೇಕ ಊರಿನ ಬೆಳೆಯೆಂದೇ ತಿಳಿದು ಬೆಳೆದವರು. 2023ರಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ತರುಣ ಅದರ ಸಕ್ಕರೆಯ ಬಗ್ಗೆ ವೀಡಿಯೊ ಮಾಡಿ, ಕಂಪೆನಿಯ ನೋಟಿಸು ಪಡೆದು, ಅದನ್ನು ಅಳಿಸಿದ. ಆ ವರ್ಷ ಮುಗಿಯುವುದರೊಳಗೆ ಪುಡಿಯ ಸಕ್ಕರೆ ತುಸು ಇಳಿಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ, ಇಂಥವನ್ನೆಲ್ಲ ಆರೋಗ್ಯ ಪೇಯಗಳ ಸಾಲಿನಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅಂಗಡಿಯವರು ಬೇರೆ ಸಾಲಿಗೆ ಎತ್ತಿಟ್ಟರು. ನಮ್ಮ ಅಡುಗೆಮನೆಯಲ್ಲಿ ಅದು ಇದ್ದ ಸಾಲಿನಲ್ಲೇ ಇದೆ, ರಾಗಿಹಿಟ್ಟಿನ ಡಬ್ಬದ ಮುಂದೆ.

ಇಷ್ಟೆಲ್ಲ ಭದ್ರವಾಗಿರುವ ವ್ಯವಸ್ಥೆಗೆ ಅಪಾಯ ಒಂದೇ ಕಡೆಯಿಂದ ಬರಬಹುದು. ಯಾರಾದರೂ ಈ ಹುಡುಗನನ್ನು ಏಳು ಗಂಟೆಯವರೆಗೆ ಮಲಗಲು ಬಿಟ್ಟರೆ, ಕುಳಿತು ಎರಡು ದೋಸೆ ತಿನ್ನುವಷ್ಟು ಬೆಳಗನ್ನು ಕೊಟ್ಟರೆ, ಕಾಲೇಜು ಮತ್ತು ಕ್ಲಾಸಿನ ನಡುವೆ ಮನೆಗೆ ಬಂದು ಉಂಡು ಹೋಗುವಷ್ಟು ಅಂತರ ಇಟ್ಟರೆ, ಕೆಂಪು ಬಾಟಲಿಯ ವ್ಯಾಪಾರ ಒಂದೇ ಸೆಮಿಸ್ಟರಿನಲ್ಲಿ ಕುಸಿದೀತು. ಕಂಪೆನಿಯವರು ಗಾಬರಿಯಾಗಬೇಕಿಲ್ಲ. ಕಾಲೇಜಿನವರಿಗೆ ಅಂಥ ಆಲೋಚನೆ ಇದ್ದಂತಿಲ್ಲ. ಕ್ಲಾಸಿನವರು ಭಾನುವಾರವನ್ನೂ ಟೆಸ್ಟಿಗೆಂದು ತೆಗೆದುಕೊಂಡಿದ್ದಾರೆ. ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ಊಟದ ಬಿಡುವಿನ ಬಗ್ಗೆ ಕೇಳಿದರು. ಉಳಿದ ನಾವೆಲ್ಲ ಸಿಲಬಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿ ಅವರನ್ನು ಕೂರಿಸಿದೆವು. ಹನ್ನೆರಡನೆಯದರ ಫೀಸಿನ ಮೊದಲ ಕಂತು ಕಟ್ಟಿಯಾಗಿದೆ. ಹೊಸ ಬ್ಯಾಚು ಬೆಳಿಗ್ಗೆ ಆರಕ್ಕೆ.